ಉಗ್ರಾಣದ ಕೀಲಿ, ಉಪ್ಪಿನ ಡಬ್ಬಿ

ಮಾಟುಂಗಾದಲ್ಲಿ ಒಂದು ಭಾನುವಾರ ಬೆಳಗ್ಗೆ, ಮುಂಬೈಯ ಕನ್ನಡ ಪ್ರೋಗ್ರಾಮರ್ ಗೆಳೆಯರ ಎದುರು, ಪ್ರೋಗ್ರಾಮಿನ ಡೇಟಾವನ್ನು ಬಿಚ್ಚಿಡುವುದೋ ಮುಚ್ಚಿಡುವುದೋ ಅನ್ನುವುದರ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ತೆರೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಲೋಕಲ್ ರೈಲು ಹಳಿಗಳ ರಿಪೇರಿಗೆಂದು ಮಾಡುವ ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಡೊಂಬಿವಲಿ, ಮೀರಾ ರೋಡ್, ಪನ್ವೇಲಿನಿಂದೆಲ್ಲ ಬಂದಿದ್ದೀರಿ. ನೇರ ವಿಷಯಕ್ಕೇ ಬರುತ್ತೇನೆ.

ಮೊದಲು ಒಂದು ಬಿಲ್ ನೋಡಿ. 2017ರ ಅಕ್ಟೋಬರಿನದು. ಎರಡು ಮಸಾಲೆ ದೋಸೆ, 70ರಂತೆ 140. ಎರಡು ಕಾಫಿ, 30ರಂತೆ 60. ಒಟ್ಟು 200. ಅದರ ಮೇಲೆ ಸಿಜಿಎಸ್‌ಟಿ 6 ಪರ್ಸೆಂಟ್, 12 ರೂಪಾಯಿ. ಎಸ್‌ಜಿಎಸ್‌ಟಿ 6 ಪರ್ಸೆಂಟ್, ಇನ್ನೊಂದು 12. ಗಿರಾಕಿ ಕೊಟ್ಟದ್ದು 224.

ಇದು ನಮ್ಮೂರ ಕಡೆಯವರೊಬ್ಬರ ಹೋಟೆಲಿನ ಬಿಲ್. ಸೆಂಟ್ರಲ್ ಲೈನಿನ ಒಂದು ಸ್ಟೇಷನ್ ಪಕ್ಕದಲ್ಲಿದೆ. ಎಸಿ ಇಲ್ಲ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ. ಅದರ ಬಿಲ್ಲಿಂಗ್ ಪ್ರೋಗ್ರಾಮ್ ಬರೆದವನು ನಾನು, ಕ್ಲೋಜರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಎಸಿ ಇಲ್ಲದ ಹೋಟೆಲಿಗೆ 12 ಪರ್ಸೆಂಟ್, ಎಸಿ ಇದ್ದರೆ 18. ನವೆಂಬರ್ 15ರಿಂದ ಇಂಥ ಹೋಟೆಲುಗಳಿಗೆಲ್ಲ 5 ಪರ್ಸೆಂಟ್ ಆಯಿತು. 14ರ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನಾನು ಗಲ್ಲಾದ ಹಿಂದೆ ಕೂತು, ತಿಂಡಿಗಳ ಪಟ್ಟಿಯಲ್ಲಿ 12 ಇದ್ದಲ್ಲೆಲ್ಲ 5 ಮಾಡಿದೆ. ಹತ್ತು ನಿಮಿಷದ ಕೆಲಸ. ಮರುದಿನ ಬಿಲ್ಲುಗಳು ಸರಿಯಾಗಿಯೇ ಬಂದವು.

ಡಿಸೆಂಬರಿನಲ್ಲಿ ಧಣಿಗಳ ಫೋನ್ ಬಂತು. ಯಾರೋ ಗಿರಾಕಿ ಅಕ್ಟೋಬರಿನ ಬಿಲ್ ಕಳೆದುಕೊಂಡಿದ್ದರು. ಆಫೀಸಿಗೆ ಕೊಡಬೇಕು, ಇನ್ನೊಂದು ಪ್ರತಿ ತೆಗೆದುಕೊಡಿ ಅಂದಿದ್ದರು. ಮಷೀನು 210 ಅಂತ ಪ್ರಿಂಟ್ ಮಾಡಿತು.

"ಎಂಥ ಮಾರಾಯ್ರೆ ಇದು? ಅವರು ಕೊಟ್ಟದ್ದು ಇನ್ನೂರ ಇಪ್ಪತ್ತನಾಲ್ಕು. ನಿಮ್ಮ ಮಷೀನು ಇನ್ನೂರ ಹತ್ತು ಅಂತದೆ. ಉಳಿದದ್ದು ನಾನು ನುಂಗಿದೆ ಅಂತ ಆಯ್ತಲ್ಲ?"

ಆ 14 ರೂಪಾಯಿ ಎಲ್ಲಿ ಹೋಯಿತು? ಅದನ್ನು ಹುಡುಕುತ್ತಾ ಹೋಗೋಣ. ಫಂಕ್ಷನ್ ಅಂದರೆ ಏನಾದರೂ ಕೊಟ್ಟರೆ ಉತ್ತರ ಕೊಡುವ ಕೋಡಿನ ತುಣುಕು. ಅವನ್ನೇ ಜೋಡಿಸಿ ಪ್ರೋಗ್ರಾಮ್ ಬರೆಯುವುದು ಫಂಕ್ಷನಲ್ ಪ್ರೋಗ್ರಾಮಿಂಗ್. ಅದರ ಒಂದು ಹಳೆಯ ಜಗಳ ದಾರಿಯಲ್ಲೇ ಸಿಗುತ್ತದೆ. ಡೇಟಾವನ್ನು ಇದ್ದ ಹಾಗೇ ಬಿಚ್ಚಿಟ್ಟು, ಬೇಕಾದವರು ಬೇಕಾದ ಫೀಲ್ಡನ್ನು, ಅಂದರೆ ಹೆಸರಿಟ್ಟ ಖಾನೆಯನ್ನು, ಓದಿಕೊಳ್ಳಲಿ ಅನ್ನಬೇಕೋ? ಅಥವಾ ಅದರ ಮುಂದೆ ಫಂಕ್ಷನ್‌ಗಳನ್ನು ನಿಲ್ಲಿಸಿ, ಏನು ಬೇಕಿದ್ದರೂ ಇವರನ್ನು ಕೇಳಿ ಅನ್ನಬೇಕೋ?

ನನ್ನ ಕೋಡಿನಲ್ಲಿ ಒಂದು ತಿಂಡಿ ಹೀಗಿತ್ತು:

{:ಹೆಸರು "ಮಸಾಲೆ ದೋಸೆ", :ಬೆಲೆ 70, :ತೆರಿಗೆ 12}

ಬಿಲ್ಲಿನ ಒಂದು ಸಾಲು ಹೀಗೆ (ಇದರಲ್ಲಿ 14 ಅನ್ನುವುದು ಪಟ್ಟಿಯಲ್ಲಿ ಆ ದೋಸೆಯ ನಂಬರ್):

{:ತಿಂಡಿ 14, :ಎಷ್ಟು 2, :ಬೆಲೆ 70, :ತಾರೀಕು "2017-10-09"}

ಬೆಲೆ ಆಗಾಗ ಏರುತ್ತದೆ ಅಂತ ಗೊತ್ತಿತ್ತು. ಹಾಗಾಗಿ ಅದನ್ನು ಸಾಲಿನಲ್ಲೇ ಬರೆದಿಟ್ಟಿದ್ದೆ. ತೆರಿಗೆಯನ್ನು ಮಾತ್ರ ತಿಂಡಿಯ ಪಟ್ಟಿಯಿಂದ ಓದುತ್ತಿದ್ದೆ. ಬಿಲ್ ಪ್ರಿಂಟ್, ಮರುಪ್ರಿಂಟ್, ದಿನದ ಲೆಕ್ಕ, ತಿಂಗಳ ರಿಟರ್ನ್, ಪಾರ್ಸೆಲ್ ಕೌಂಟರ್. ಹುಡುಕಿ ನೋಡಿದರೆ (:ತೆರಿಗೆ ತಿಂಡಿ), ಅಂದರೆ ತಿಂಡಿಯ ತೆರಿಗೆ ಓದು, ಅಂತ 31 ಕಡೆ ಬರೆದಿದ್ದೆ.

ಈಗ ನಿಮ್ಮಲ್ಲಿ ಕೆಲವರು ಅಂದುಕೊಳ್ಳುತ್ತಿರಬಹುದು: "ಅದಕ್ಕೇ ಗೆಟರ್ ಬರೀಬೇಕು ಅನ್ನೋದು." ಗೆಟರ್ ಅಂದರೆ ಒಂದು ಫೀಲ್ಡನ್ನು ಓದಿ ಕೊಡುವ ಫಂಕ್ಷನ್. ಸ್ವಲ್ಪ ತಡೆಯಿರಿ. (ತಿಂಡಿಯ-ತೆರಿಗೆ ತಿಂಡಿ) ಅಂತ ಒಂದು ಫಂಕ್ಷನ್ ಬರೆದು 31 ಕಡೆಯೂ ಅದನ್ನೇ ಕರೆದಿದ್ದೆ ಅಂತಿಟ್ಟುಕೊಳ್ಳಿ. ನವೆಂಬರಿನಲ್ಲಿ ಅದು ನನ್ನನ್ನು ಉಳಿಸುತ್ತಿತ್ತಾ? ಇಲ್ಲ. ಯಾಕಂದರೆ ತೆರಿಗೆ ಈಗ ತಿಂಡಿಯೊಂದನ್ನೇ ಅವಲಂಬಿಸಿಲ್ಲ, ತಾರೀಕನ್ನೂ ಅವಲಂಬಿಸಿದೆ. ಆ ಫಂಕ್ಷನಿಗೆ ತಾರೀಕು ಕೊಡಬೇಕು. ಆಗಲೂ 31 ಕಡೆ ತಿದ್ದಬೇಕು.

ಹುಡುಕುವುದು ಸುಲಭವಾಗುತ್ತಿತ್ತು, ನಿಜ. ಆದರೆ ತೊಂದರೆಯ ಬೇರು ಅಲ್ಲಿರಲಿಲ್ಲ. ನಾನು ತಪ್ಪು ವಸ್ತುವನ್ನು ಪ್ರಶ್ನೆ ಕೇಳುತ್ತಿದ್ದೆ. ದೋಸೆಯನ್ನು ನಿನ್ನ ತೆರಿಗೆ ಎಷ್ಟು ಅಂತ ಕೇಳುತ್ತಿದ್ದೆ. ಕೇಳಬೇಕಾದ್ದು ಬಿಲ್ಲಿನ ಸಾಲನ್ನು:

(ಸಾಲಿನ-ತೆರಿಗೆ ಸಾಲು)

ಸಾಲಿಗೆ ತನ್ನ ತಾರೀಕು ಗೊತ್ತು, ತಿಂಡಿ ಗೊತ್ತು, ಬೆಲೆ ಗೊತ್ತು. ಕೊನೆಗೆ ನಾನು ಬರೆದದ್ದು ಇದನ್ನೇ. ಅದರೊಳಗೆ ನಡೆಯುವುದು ಇಷ್ಟು: ಸಾಲಿನಲ್ಲೇ ದರ ಬರೆದಿದ್ದರೆ ಅದನ್ನು ತೆಗೆದುಕೋ. ಬರೆದಿಲ್ಲದಿದ್ದರೆ ತಾರೀಕು ನೋಡಿ ದರದ ಪಟ್ಟಿಯಿಂದ ಲೆಕ್ಕ ಹಾಕು.

ಯಾಕೆ ಎರಡು ದಾರಿ? ಮುಂದಿನ ಬಿಲ್ಲುಗಳಲ್ಲಿ ದರವನ್ನು ಸಾಲಿನಲ್ಲೇ ಬರೆದಿಡಲು ಶುರು ಮಾಡಿದ್ದೆ. ಆದರೆ ಜುಲೈ 1ರಿಂದ ಡಿಸೆಂಬರಿನ ಆ ಫೋನಿನ ತನಕದ ಬಿಲ್ಲುಗಳಲ್ಲಿ ಆ ಫೀಲ್ಡೇ ಇರಲಿಲ್ಲ. ಹೊಸ ಬಿಲ್ಲಿನಲ್ಲಿ ದರ ಇಟ್ಟದ್ದು, ಹಳೆಯದರಲ್ಲಿ ಎಣಿಸಿದ್ದು. ಕೇಳುವವರಿಗೆ ಈ ವ್ಯತ್ಯಾಸ ಗೊತ್ತಾಗುವ ಅಗತ್ಯ ಇಲ್ಲ. ಪ್ರಿಂಟರಿನ ಕೋಡಿಗೆ 12 ಬಂದರೆ ಆಯಿತು. ಐಫೆಲ್ ಭಾಷೆ ಮಾಡಿದ ಬರ್ಟ್ರಾಂಡ್ ಮೇಯರ್ ಇದನ್ನು ಒಂದು ನಿಯಮವಾಗಿಯೇ ಹೇಳಿದ್ದಾರೆ: ಒಂದು ಮೌಲ್ಯ ಒಳಗೆ ಇಟ್ಟದ್ದೋ ಆಗಲೇ ಎಣಿಸಿದ್ದೋ, ಕೇಳುವ ರೀತಿ ಒಂದೇ ಇರಬೇಕು. ಈ ಮಾತು ಅವತ್ತಿನ ತನಕ ನನಗೆ ಬರೀ ಪಾಠವಾಗಿತ್ತು. ಅವತ್ತು ಕೈಗೆ ಹತ್ತಿತು.

ನಮ್ಮ ಹೋಟೆಲುಗಳ ಅಡುಗೆಮನೆ ನೋಡಿದವರಿಗೆ ಇದು ಹೊಸತಲ್ಲ. ದೋಸೆಕಲ್ಲಿನ ಪಕ್ಕ ಉಪ್ಪಿನ ಡಬ್ಬಿ ಬಾಯಿ ತೆರೆದುಕೊಂಡೇ ಇರುತ್ತದೆ. ಎಣ್ಣೆ ಅಲ್ಲೇ. ಯಾರು ಬೇಕಾದರೂ ಕೈ ಹಾಕಬಹುದು. ಹಾಕದೆ ಕೆಲಸ ನಡೆಯುವುದಿಲ್ಲ. ಆದರೆ ತುಪ್ಪ, ಗೋಡಂಬಿ, ಏಲಕ್ಕಿ ಉಗ್ರಾಣದಲ್ಲಿರುತ್ತವೆ. ಕೀಲಿ ಒಬ್ಬರ ಹತ್ತಿರ. ಅಡುಗೆಯವರು ಬಂದು "ನೂರು ಗ್ರಾಂ ಏಲಕ್ಕಿ ಕೊಡಿ" ಅನ್ನುತ್ತಾರೆ. "ಎರಡನೇ ಹಲಗೆಯ ಮೂರನೇ ಡಬ್ಬದಲ್ಲಿರುವುದನ್ನು ಕೊಡಿ" ಅನ್ನುವುದಿಲ್ಲ. ಉಗ್ರಾಣದವರು ನಾಳೆ ಡಬ್ಬಗಳನ್ನೆಲ್ಲ ಬೇರೆ ಥರ ಜೋಡಿಸಬಹುದು. ಒಳಗೆ ಏಲಕ್ಕಿ ಮುಗಿದಿದ್ದರೆ ಪಕ್ಕದ ಅಂಗಡಿಯಿಂದ ತರಿಸಿಯೂ ಕೊಡಬಹುದು. ಪಾಯಸಕ್ಕೆ ಎರಡೂ ಒಂದೇ.

ಸುಮ್ನೆ ಪ್ರತಿ ಫೀಲ್ಡಿಗೂ ಒಂದೊಂದು ಗೆಟರ್ ಬರೆಯುವುದು ಅಂದರೆ "ಎರಡನೇ ಹಲಗೆಯ ಮೂರನೇ ಡಬ್ಬ" ಅನ್ನುವುದಕ್ಕೇ ಇನ್ನೊಂದು ಹೆಸರು ಕೊಟ್ಟಂತೆ. ಆ ಕೋಡಿನಿಂದ ಯಾರಿಗೂ ಲಾಭ ಇಲ್ಲ. ಓದುವವನಿಗೆ ಭಾರ ಮಾತ್ರ.

ಸ್ವಲ್ಪ ಹಿಂದಕ್ಕೆ ಹೋಗೋಣ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆ ಶುರು ಮಾಡಿದರು. ಅದರಲ್ಲಿ ಜೋಡಿಯೊಂದರ ಮೊದಲ ಭಾಗ ತೆಗೆಯಲು ಕಾರ್ (car), ಎರಡನೆಯದಕ್ಕೆ ಕುಡರ್ (cdr) ಅಂತ ಎರಡು ಫಂಕ್ಷನ್. ಈ ಹೆಸರುಗಳು ಐಬಿಎಂ 704 ಅನ್ನುವ ಯಂತ್ರದಿಂದ ಬಂದವು. ಅದರಲ್ಲಿ ಮೆಮೊರಿಯ ಒಂದೊಂದು ಖಾನೆಗೂ ಅಡ್ರೆಸ್ ಅನ್ನುವ ಭಾಗ ಇತ್ತು, ಡಿಕ್ರಿಮೆಂಟ್ ಅನ್ನುವ ಭಾಗ ಇತ್ತು. ಕಾರ್‌ನ ನಡುವಿನ ಅಕ್ಷರ ಅಡ್ರೆಸ್ಸಿನದು, ಕುಡರ್‌ನದು ಡಿಕ್ರಿಮೆಂಟಿನದು. ಯಂತ್ರ ಹೋಗಿ ಕಾಲವಾಯಿತು. ಹೆಸರು ಲಿಸ್ಪಿನಲ್ಲಿ ಇವತ್ತಿಗೂ ಇದೆ. ಒಳಗಿನ ಜೋಡಣೆಯನ್ನು ಹೊರಗಿನ ಹೆಸರಿಗೆ ಅಂಟಿಸಿದರೆ ಅದು ಎಷ್ಟು ವರ್ಷ ಬಾಳುತ್ತದೆ ನೋಡಿ!

ಆ ಕಾಲದ ಕೋಡಿನಲ್ಲಿ ತಿಂಡಿ ಅಂದರೆ ಮೂರು ವಸ್ತುಗಳ ಲಿಸ್ಟ್. ಮೊದಲನೆಯದು ತಲೆ, ಉಳಿದದ್ದೆಲ್ಲ ಬಾಲ. ಮೂರನೆಯದಾದ ತೆರಿಗೆ ಬೇಕಾದರೆ "ಬಾಲದ ಬಾಲದ ತಲೆ" ಅಂತ ಬರೆಯಬೇಕಿತ್ತು. ನಡುವೆ ಒಂದು ವಸ್ತು ಹೆಚ್ಚಾಗಿ ಸೇರಿಸಿದರೆ ಎಲ್ಲ ಕಡೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಲಿಸ್ಪಿನವರಿಗೆ ಗೆಟರಿನಂಥ ಆಕ್ಸೆಸರ್ ಫಂಕ್ಷನ್ ಅನ್ನುವುದು ಶೋಕಿಯ ಮಾತಾಗಿರಲಿಲ್ಲ. ಹೆಸರೇ ಇಲ್ಲದ ಜಾಗಗಳಿಗೆ ಹೆಸರು ಕೊಡುವ ದಾರಿ ಅದೊಂದೇ.

1980ರ ದಶಕದಲ್ಲಿ ಎಂಐಟಿಯಲ್ಲೇ ಏಬಲ್‌ಸನ್ ಮತ್ತು ಸಸ್‌ಮನ್ ತಮ್ಮ ಪಾಠದಲ್ಲಿ ಇದನ್ನು ಭಿನ್ನರಾಶಿಯ ಉದಾಹರಣೆ ಕೊಟ್ಟು ಕಲಿಸಿದರು. ನಾನು ಎಷ್ಟು ಸಲ ನೋಡಿದರೂ ನನಗೆ ಬೇಸರ ಬಾರದ ಉದಾಹರಣೆ. ಬಿಡಿಸಿ ಹೇಳುತ್ತೇನೆ.

ಭಿನ್ನರಾಶಿ ಅಂದರೆ ಎರಡು ಸಂಖ್ಯೆ, ಅಂಶ ಮತ್ತು ಛೇದ. ಸುಮ್ನೆ ಒಂದು ಜೋಡಿ ಇಟ್ಟರೆ ಸಾಕಲ್ವಾ? [6 8]. ಸರಿ. ಇನ್ನೊಬ್ಬರು [3 4] ಇಟ್ಟರು. ಎರಡೂ ಸಮವೇ? ಶಾಲೆಯ ಮಗು ಹೌದು ಅನ್ನುತ್ತದೆ. ಕಂಪ್ಯೂಟರ್ ಇಲ್ಲ ಅನ್ನುತ್ತದೆ, ಯಾಕಂದರೆ 6 ಮತ್ತು 3 ಬೇರೆ ಬೇರೆ. ಮೂರನೆಯವರು [6 0] ಇಟ್ಟರು. ಅದನ್ನು ತಡೆಯುವವರು ಯಾರೂ ಇಲ್ಲ.

ಈಗ ಜೋಡಿಯನ್ನು ಮುಚ್ಚಿಡಿ. ಮಾಡಲಿಕ್ಕೆ (ಭಿನ್ನ 6 8), ಓದಲಿಕ್ಕೆ (ಅಂಶ ಭ), (ಛೇದ ಭ). ಮೂರೇ ಬಾಗಿಲು. ಒಳಗೆ ಬರುವಾಗಲೇ ಮ.ಸಾ.ಅ. ಕಂಡುಹಿಡಿದು ಭಾಗಿಸಿ 3, 4 ಮಾಡಿ ಇಡಬಹುದು. ಅಥವಾ 6, 8 ಹಾಗೇ ಇಟ್ಟು, ಕೇಳಿದಾಗ ಭಾಗಿಸಿ ಕೊಡಬಹುದು. ತುಂಬಾ ಸಲ ಓದುವವರಿದ್ದರೆ ಮೊದಲನೆಯದು ಒಳ್ಳೆಯದು. ಮಾಡಿ ಮಾಡಿ ಎಸೆಯುವವರಿದ್ದರೆ ಎರಡನೆಯದು. ಇವತ್ತು ಒಂದು, ನಾಳೆ ಇನ್ನೊಂದು ಮಾಡಿದರೂ ಹೊರಗಿನ ಒಂದು ಸಾಲು ಕೂಡ ಬದಲಾಗುವುದಿಲ್ಲ. ಛೇದ ಸೊನ್ನೆ ಕೊಟ್ಟರೆ ಬಾಗಿಲಲ್ಲೇ ನಿಲ್ಲಿಸಬಹುದು.

ಇಲ್ಲಿ ಮುಚ್ಚಿಡುವುದಕ್ಕೆ ಎರಡು ಕಾರಣ ಇದೆ, ಬೇರೆ ಬೇರೆ ಕಾರಣಗಳು. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಒಂದು, ಒಳಗಿನ ಆಕಾರ ನನ್ನ ನಿರ್ಧಾರ, ಅದು ಬದಲಾಗಬಹುದು. ಎರಡು, ಒಳಗಿನದ್ದಕ್ಕೆ ಒಂದು ನಿಯಮ ಇದೆ, ಅದು ಯಾವಾಗಲೂ ಮುರಿಯಬಾರದು.

ಮೊದಲ ಕಾರಣವನ್ನು ಗಟ್ಟಿಯಾಗಿ ಹೇಳಿದವರು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್, 1972ರಲ್ಲಿ. ಶೀರ್ಷಿಕೆಗಳ ಸಾಲುಗಳನ್ನು ತಿರುಗಿಸಿ ಅಕಾರಾದಿಯಲ್ಲಿ ಜೋಡಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಅವರು ಎರಡು ರೀತಿಯಲ್ಲಿ ಒಡೆದು ತೋರಿಸಿದರು. ಮೊದಲ ರೀತಿಯಲ್ಲಿ ಓದು, ತಿರುಗಿಸು, ಜೋಡಿಸು, ಪ್ರಿಂಟ್ ಮಾಡು ಅಂತ ಹೆಜ್ಜೆಗೊಂದು ಭಾಗ. ಎಲ್ಲರೂ ಮೆಮೊರಿಯ ಅದೇ ಜೋಡಣೆಯನ್ನು ನೇರವಾಗಿ ಮುಟ್ಟುತ್ತಾರೆ. ಜೋಡಣೆ ಬದಲಾದರೆ ಎಲ್ಲ ಭಾಗವೂ ಬದಲಾಗಬೇಕು. ಎರಡನೆಯ ರೀತಿಯಲ್ಲಿ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಭಾಗದೊಳಗೆ ಬಚ್ಚಿಟ್ಟರು. ಬಚ್ಚಿಡಬೇಕಾದ್ದು ನಿರ್ಧಾರವನ್ನು. ಗೆಟರ್ ಬರೆಯುವ ಹೊತ್ತಿಗೆ ನಾವು ಮರೆಯುವುದು ಈ ಮಾತನ್ನೇ.

ಎರಡನೆಯ ಕಾರಣಕ್ಕೆ ನನಗೆ ತೀರಾ ಇಷ್ಟವಾದ ಉದಾಹರಣೆ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ. 1970ರ ದಶಕದಲ್ಲಿ ರಾಬಿನ್ ಮಿಲ್ನರ್ ಮತ್ತು ಜೊತೆಗಾರರು ಪ್ರಮೇಯಗಳನ್ನು ಕಂಪ್ಯೂಟರಿನಲ್ಲಿ ಸಾಧಿಸುವ ಎಲ್‌ಸಿಎಫ್ ಅನ್ನುವ ವ್ಯವಸ್ಥೆ ಕಟ್ಟಿದರು. ಅದಕ್ಕಾಗಿಯೇ ಎಂಎಲ್ ಭಾಷೆ ಹುಟ್ಟಿತು. ಅದರಲ್ಲಿ ಪ್ರಮೇಯ ಅನ್ನುವುದು ಮುಚ್ಚಿದ ಟೈಪ್, ಅಂದರೆ ಹೊರಗಿನವರು ಒಳಗೆ ಕೈ ಹಾಕಲಾಗದ ಬಗೆಯ ಡೇಟಾ. ತರ್ಕದ ನಿಯಮಗಳಿಗೊಂದೊಂದು ಫಂಕ್ಷನ್. ಆ ಫಂಕ್ಷನ್‌ಗಳ ಮೂಲಕ ಬಿಟ್ಟು ಬೇರೆ ಯಾವ ದಾರಿಯಿಂದಲೂ ಒಂದು ಪ್ರಮೇಯ ಹುಟ್ಟಲಾರದು. ಹಾಗಾಗಿ ನಿಮ್ಮ ಕೈಯಲ್ಲಿ ಆ ಟೈಪಿನ ಒಂದು ವಸ್ತು ಇದೆ ಅಂದರೆ, ಅದು ಆ ನಿಯಮಗಳ ಪ್ರಕಾರ ಸಾಧಿಸಿದ್ದೇ. ಸುಳ್ಳು ಪ್ರಮೇಯವನ್ನು ಕೈಯಾರೆ ಬರೆದು ಒಳಗೆ ತೂರಿಸಲು ಜಾಗವೇ ಇಲ್ಲ. ಡೇಟಾ ಮುಚ್ಚಿಡುವುದರಿಂದ ಇಷ್ಟು ದೊಡ್ಡ ಭರವಸೆ ಸಿಗುತ್ತದೆ ಅಂತ ಮೊದಲ ಸಲ ತಿಳಿದಾಗ ನಾನು ಬೆರಗಾದೆ. ಈಗಲೂ ಹಾಗೇ ಅನಿಸುತ್ತದೆ.

ಇಷ್ಟು ಹೇಳಿದ ಮೇಲೆ, ಎಲ್ಲವನ್ನೂ ಮುಚ್ಚಿಡಿ ಅಂತ ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಆ ಹೋಟೆಲಿನ ಕಥೆಗೆ ಇನ್ನೊಂದು ಭಾಗ ಇದೆ.

ಧಣಿಗಳ ಮಗಳು ಆಗ ಕಾಮರ್ಸ್ ಓದುತ್ತಿದ್ದಳು. ರಜೆಯಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದಳು. ಒಂದು ಜುಲೈಯಲ್ಲಿ ಅವಳಿಗೆ ಒಂದು ಯೋಚನೆ ಬಂತು: ಮಳೆ ಜೋರಾಗಿ ಬಂದ ದಿನ ಯಾವ ತಿಂಡಿ ಜಾಸ್ತಿ ಹೋಗುತ್ತದೆ? ಮಳೆ ಬಂದ ದಿನಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ನಾನು ಬಿಲ್ಲಿನ ಸಾಲುಗಳನ್ನು ತೆರೆದು ತೋರಿಸಿದೆ.

"ಅಂಕಲ್, ಇದು ಬರೀ ಪಟ್ಟಿ ಅಲ್ವಾ?" ಅಂದಳು.

ಹೌದು, ಬರೀ ಪಟ್ಟಿ. ಕಣ್ಣಿಗೆ ಕಾಣುವ ಪಟ್ಟಿ. ನಾನು ನಾಲ್ಕು ಫಂಕ್ಷನ್ ಹೇಳಿಕೊಟ್ಟೆ: ಸೋಸುವುದು, ಗುಂಪು ಮಾಡುವುದು, ಕೂಡುವುದು, ಏರಿಕೆ ಕ್ರಮದಲ್ಲಿ ಜೋಡಿಸುವುದು. ಅವು ಬಿಲ್ಲಿಗಾಗಿ ಬರೆದವಲ್ಲ. ಯಾವ ಪಟ್ಟಿಯ ಮೇಲಾದರೂ ನಡೆಯುವಂಥವು. ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ಅವಳು ಉತ್ತರ ತೆಗೆದಿದ್ದಳು. ಮಳೆಯ ದಿನ ಕೂತು ತಿನ್ನುವವರು ಕಡಿಮೆ, ಗೋಳಿಬಜೆ ಪಾರ್ಸೆಲ್ ಮಾತ್ರ ಜಾಸ್ತಿ. ಆಮೇಲೆ ಮಳೆ ಹಿಡಿದ ಸಂಜೆ ಅಡುಗೆಮನೆಯಲ್ಲಿ ಬಜೆಯ ಹಿಟ್ಟನ್ನು ಜಾಸ್ತಿ ಕಲಸಿಡತೊಡಗಿದರು.

ನಾನು ಈ ಪ್ರಶ್ನೆಯನ್ನು ಊಹಿಸಿರಲಿಲ್ಲ. ಅದಕ್ಕೆ ಫಂಕ್ಷನ್ ಬರೆದಿಟ್ಟಿರಲಿಲ್ಲ. ಸಾಲುಗಳನ್ನು ಮುಚ್ಚಿ, ನಾನು ಯೋಚಿಸಿದ ಹತ್ತು ಪ್ರಶ್ನೆಗಳಿಗೆ ಹತ್ತು ಬಾಗಿಲು ಇಟ್ಟಿದ್ದರೆ, ಹನ್ನೊಂದನೆಯ ಪ್ರಶ್ನೆಗೆ ಅವಳು ನನಗೆ ಕಾಯಬೇಕಿತ್ತು. 2007ರಲ್ಲಿ ಕ್ಲೋಜರ್ ಹೊರತಂದ ರಿಚ್ ಹಿಕ್ಕಿ ಮೊದಲಿನಿಂದಲೂ ವಾದಿಸುವುದು ಇದನ್ನೇ. ಮಾಹಿತಿ ಮಾಹಿತಿಯಾಗಿಯೇ ಇರಲಿ, ಮ್ಯಾಪ್‌ನಲ್ಲಿ, ಅಂದರೆ ಮೇಲಿನ ತಿಂಡಿಯ ಹಾಗೆ ಹೆಸರಿಟ್ಟ ಫೀಲ್ಡುಗಳಲ್ಲಿ, ಇಡಿ. ಒಂದೊಂದು ಬಗೆಯ ಮಾಹಿತಿಗೂ ಒಂದೊಂದು ಪುಟ್ಟ ಭಾಷೆ ಕಟ್ಟಿದರೆ, ಎಲ್ಲದರ ಮೇಲೂ ನಡೆಯುವ ಫಂಕ್ಷನ್‌ಗಳನ್ನು ಕಳೆದುಕೊಳ್ಳುತ್ತೀರಿ. ಬಿಚ್ಚಿಟ್ಟ ಡೇಟಾವನ್ನು ಪ್ರಿಂಟ್ ಮಾಡಬಹುದು, ಕಳಿಸಬಹುದು, ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಟೆಸ್ಟ್ ಬರೆಯುವಾಗ ಕೈಯಾರೆ ಬರೆದು ಕೊಡಬಹುದು.

ಇನ್ನು ಫಂಕ್ಷನಲ್ ಪ್ರೋಗ್ರಾಮಿಂಗಿನಲ್ಲಿ ಡೇಟಾ ಒಮ್ಮೆ ಮಾಡಿದ ಮೇಲೆ ಬದಲಾಗುವುದಿಲ್ಲ. ಜಾವಾದಂಥ ಆಬ್ಜೆಕ್ಟ್ ಭಾಷೆಗಳಲ್ಲಿ ಫೀಲ್ಡುಗಳನ್ನು ಬಚ್ಚಿಡಲು ಒಂದು ದೊಡ್ಡ ಕಾರಣ ಅಂದರೆ ಯಾರೋ ಬಂದು ಒಳಗಿನದನ್ನು ತಿದ್ದಿಬಿಡುತ್ತಾರೆ ಅನ್ನುವ ಭಯ. ಆ ಭಯ ಇಲ್ಲಿ ಇಲ್ಲ. ಅವಳು ಎಷ್ಟು ಕೆದಕಿದರೂ ನನ್ನ ಬಿಲ್ಲಿನ ಸಾಲು ಹಾಗೇ ಇರುತ್ತದೆ.

ಆದರೆ ಒಂದು ನಿಜವಾದ ತೊಂದರೆ ಇದೆ. ಕ್ಲೋಜರಿನಲ್ಲಿ ಫೀಲ್ಡಿನ ಹೆಸರೇ ಫಂಕ್ಷನ್. (:ಬೆಲೆ ತಿಂಡಿ) ಅಂದರೆ 70. ಎತ್ವ ಒಂದು ಬಿಟ್ಟುಹೋಗಿ (:ಬಲೆ ತಿಂಡಿ) ಅಂತ ಬರೆದೆ ಅನ್ನಿ. ಬೆಲೆ ಹೋಗಿ ಬಲೆ ಆಯಿತು. ಕ್ಲೋಜರ್ ಜಗಳ ಮಾಡುವುದಿಲ್ಲ. ಅಂಥದ್ದು ಇಲ್ಲ ಅಂತ ಸುಮ್ನೆ ಖಾಲಿ ಕೊಡುತ್ತದೆ. ಇಲ್ಲದಿದ್ದರೆ ಸೊನ್ನೆ ತಗೋ ಅಂತ ನೀವು ಬರೆದಿದ್ದರೆ ದೋಸೆ ಪುಕ್ಕಟೆ ಹೋಗುತ್ತದೆ. ಅದೇ ಬೆಲೆ ಅನ್ನುವುದು ಒಂದು ಫಂಕ್ಷನ್ ಆಗಿದ್ದು, ನಾನು (ಬಲೆ ತಿಂಡಿ) ಅಂತ ಬರೆದಿದ್ದರೆ, ಅಂಥ ಹೆಸರೇ ಗೊತ್ತಿಲ್ಲ ಅಂತ, ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಅಲ್ಲೇ ನಿಲ್ಲಿಸುತ್ತಿತ್ತು. ಈ ಕಾರಣಕ್ಕೆ ಕೆಲವರು ಫಂಕ್ಷನ್ ಬರೆಯುತ್ತಾರೆ. ತಪ್ಪಲ್ಲ. ಆದರೆ ನನಗನಿಸುವುದು, ಒಳಗೆ ಬರುವ ಬಾಗಿಲಲ್ಲಿ ಒಂದು ಸಲ ಆಕಾರ ಪರೀಕ್ಷಿಸುವುದು ಇದಕ್ಕಿಂತ ಒಳ್ಳೆಯದು.

ಬೇರೆ ಭಾಷೆಗಳ ಬಗ್ಗೆ ಚುಟುಕಾಗಿ. ಹ್ಯಾಸ್ಕೆಲಿನಲ್ಲಿ ರೆಕಾರ್ಡ್, ಅಂದರೆ ಹೆಸರಿಟ್ಟ ಫೀಲ್ಡುಗಳ ಒಂದು ಕಟ್ಟು, ಬರೆದರೆ ಪ್ರತಿ ಫೀಲ್ಡಿಗೂ ಫಂಕ್ಷನ್ ತಾನಾಗಿಯೇ ಬರುತ್ತದೆ. ಅದರಿಂದಲೇ ತಿಂಡಿಗೂ ಗಿರಾಕಿಗೂ "ಹೆಸರು" ಅನ್ನುವ ಫೀಲ್ಡ್ ಇಟ್ಟರೆ ಎರಡೂ ಡಿಕ್ಕಿ ಹೊಡೆಯುತ್ತವೆ. ವರ್ಷಗಟ್ಟಲೆ ಜನ ಒದ್ದಾಡಿದ ಮೇಲೆ 2021ರಲ್ಲಿ ಹ್ಯಾಸ್ಕೆಲಿನ ಕಂಪೈಲರ್ ಆದ ಜಿಎಚ್‌ಸಿಯ 9.2ರಲ್ಲಿ ಚುಕ್ಕಿ ಇಟ್ಟು ಓದುವ ಸೌಲಭ್ಯ ಬಂತು. ಮುಚ್ಚಿಟ್ಟರೆ ಇನ್ನೊಂದು ನಷ್ಟ ಇದೆ. ಆಕಾರ ನೋಡಿ ಕೋಡ್ ಆರಿಸುವ ಪ್ಯಾಟರ್ನ್ ಮ್ಯಾಚಿಂಗ್ ಕೈತಪ್ಪುತ್ತದೆ. 1987ರಲ್ಲೇ ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವಾಡ್ಲರ್ ಇವೆರಡನ್ನೂ ಒಟ್ಟಿಗೆ ಬಾಳಿಸುವ ಒಂದು ದಾರಿಯನ್ನು ಮುಂದಿಟ್ಟಿದ್ದರು.

ಎರ್ಲಾಂಗಿನವರ ಕಷ್ಟ ಇನ್ನೂ ತಿಳಿಯಬೇಕಾದ್ದು. ಅದರ ರೆಕಾರ್ಡಿಗೆ ಹೆಸರುಗಳಿರುವುದು ಕಂಪೈಲ್ ಆಗುವ ತನಕ ಮಾತ್ರ. ಓಡುವಾಗ ಅದು ಬರೀ ಸಾಲಾಗಿ ಜೋಡಿಸಿದ ವಸ್ತುಗಳು. ನಡೆಯುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆ ಕೋಡ್ ಬದಲಾಯಿಸುವುದು ಆ ಭಾಷೆಯ ಹೆಮ್ಮೆ. ಆದರೆ ಹೊಸ ಕೋಡಿನಲ್ಲಿ ಒಂದು ಫೀಲ್ಡ್ ಜಾಸ್ತಿ ಇದ್ದು, ಮೆಮೊರಿಯಲ್ಲಿ ಹಳೆಯ ಆಕಾರದ ವಸ್ತು ಕೂತಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ. 2014ರಲ್ಲಿ ಎರ್ಲಾಂಗಿನ ಹೊಸ ಆವೃತ್ತಿ ಒಟಿಪಿ 17ರ ಜೊತೆ ಮ್ಯಾಪ್ ಬಂದಾಗ ಅವರಿಗೆ ಉಸಿರಾಡಲು ಜಾಗ ಸಿಕ್ಕಿತು.

ಹಾಗಾದರೆ ಯಾವುದನ್ನು ಬಿಚ್ಚಿಡುವುದು, ಯಾವುದನ್ನು ಮುಚ್ಚಿಡುವುದು? ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಆಕಾರವನ್ನು ಆರಿಸಿದವರು ಯಾರು?

ಪಿನ್ ಕೋಡ್ ತೆಗೆದುಕೊಳ್ಳಿ. ಅದು ಶುರುವಾದದ್ದು 1972ರ ಆಗಸ್ಟ್ 15ರಂದು, ಪಾರ್ನಾಸ್ ಹಾಗೆ ಬರೆದ ವರ್ಷವೇ. ಈ ಮಾಟುಂಗಾದ್ದು 400019. ಆರು ಅಂಕಿ ಅಂತ ನಿರ್ಧರಿಸಿದವರು ಅಂಚೆಯವರು. ಎಲ್ಲರಿಗೂ ಗೊತ್ತಿರುವ ಆಕಾರ. ನಾಳೆ ಬೆಳಗ್ಗೆ ನಾನು ಅದನ್ನು ಬದಲಾಯಿಸಲಾರೆ. ಅದನ್ನು ಒಂದು ಟೈಪಿನೊಳಗೆ ಮುಚ್ಚಿಟ್ಟು ಏನು ಸಾಧಿಸುತ್ತೇನೆ? ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಆಗಿಯೇ ಇರಲಿ. ಜಿಎಸ್‌ಟಿ ನಂಬರಿನ 15 ಅಕ್ಷರಗಳೂ ಹಾಗೇ. ಮೊದಲ ಎರಡು 27 ಆದರೆ ಮಹಾರಾಷ್ಟ್ರ, 29 ಕರ್ನಾಟಕ, 30 ಗೋವಾ. ನಂತರದ ಹತ್ತು ಅಕ್ಷರ ಪ್ಯಾನ್. ಅದು ಲೋಕ ಕೊಟ್ಟ ಆಕಾರ.

ಆದರೆ "ಈ ವಿಳಾಸ ಮುಂಬೈ ನಗರದೊಳಗಿದೆಯಾ, ಪಾರ್ಸೆಲ್ ಕಳಿಸಬಹುದಾ?" ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ರೀತಿಯೂ ನನ್ನದೇ. ಒಬ್ಬರು ಮೊದಲ ಮೂರು ಅಂಕಿ 400 ಇದ್ದರೆ ಮುಂಬೈ ಅಂತ ಬರೆಯುತ್ತಾರೆ. ಠಾಣೆಯ 400601 ಕೂಡ ಹಾಗೇ ಶುರುವಾಗುತ್ತದೆ, ವಾಶಿಯ 400703 ಕೂಡ. ಈ ಊಹೆ ಹತ್ತು ಫೈಲುಗಳಲ್ಲಿ ಚದುರಿ ಕೂತರೆ ಹತ್ತೂ ಕಡೆ ತಪ್ಪು. ಸ್ಟ್ರಿಂಗ್ ಬಿಚ್ಚಿಡಿ. (ಮುಂಬೈಯೊಳಗೆ? ಪಿನ್) ಅನ್ನುವುದನ್ನು ಫಂಕ್ಷನ್ ಮಾಡಿ.

ಹಣವನ್ನು ನಾನು ಮುಚ್ಚಿಡುತ್ತೇನೆ. 35 ರೂಪಾಯಿಯ ಕಾಫಿಗೆ ಸಿಜಿಎಸ್‌ಟಿ ಎರಡೂವರೆ ಪರ್ಸೆಂಟ್ ಅಂದರೆ 87.5 ಪೈಸೆ. ಆ ಅರ್ಧ ಪೈಸೆಯನ್ನು ಏನು ಮಾಡುವುದು? ಒಂದೊಂದು ಐಟಮಿಗೂ ರೌಂಡ್ ಮಾಡುವುದೋ, ಬಿಲ್ಲಿನ ಕೊನೆಯಲ್ಲೋ? ದಶಮಾಂಶದಲ್ಲಿ ಇಡುವುದೋ, ಪೈಸೆಯ ಪೂರ್ಣಸಂಖ್ಯೆಯಾಗಿ ಇಡುವುದೋ? ಇವೆಲ್ಲ ನನ್ನ ನಿರ್ಧಾರ. ಜೊತೆಗೆ ನಿಯಮವೂ ಇದೆ: ಸಾಲುಗಳನ್ನು ಕೂಡಿದರೆ ಬಿಲ್ಲಿನ ಮೊತ್ತ ಬರಲೇಬೇಕು. ನಾನು ಹೇಳಿದ ಎರಡು ಕಾರಣವೂ ಒಟ್ಟಿಗೆ ಇರುವ ಜಾಗ ಇದು. ಇದು ಉಗ್ರಾಣಕ್ಕೇ ಹೋಗಬೇಕು.

ಇನ್ನು ಪ್ರಶ್ನೆಗಳು.

ವಾಶಿಯಿಂದ ಬಂದ ಒಬ್ಬರು ಕೇಳಿದರು: "ಸರ್, ಮುಂದೆ ಏನು ಬದಲಾಗುತ್ತದೆ ಅಂತ ಯಾರಿಗೆ ಗೊತ್ತು? ಮೊದಲೇ ಎಲ್ಲಕ್ಕೂ ಫಂಕ್ಷನ್ ಬರೆದಿಟ್ಟರೆ ಸೇಫ್ ಅಲ್ವಾ?"

ನನ್ನ ಉತ್ತರ ಇಷ್ಟು. ತೆರಿಗೆಗೆ ನಾನು ಮೊದಲೇ ಫಂಕ್ಷನ್ ಬರೆದಿದ್ದರೆ ತಿಂಡಿಯನ್ನು ಕೇಳುವ ಫಂಕ್ಷನ್ನೇ ಬರೆಯುತ್ತಿದ್ದೆ. ಯಾಕಂದರೆ ಆಗ ನನಗೆ ತಿಳಿದಿದ್ದದ್ದು ಅಷ್ಟೇ. ತಪ್ಪು ಬಾಗಿಲು ಇಟ್ಟ ಗೋಡೆ, ಗೋಡೆಯೇ ಇಲ್ಲದ್ದಕ್ಕಿಂತ ಕಷ್ಟ. ಅದನ್ನು ಒಡೆಯಬೇಕು, ಆಮೇಲೆ ಹೊಸದು ಕಟ್ಟಬೇಕು. ಬಿಚ್ಚಿಟ್ಟು ಶುರು ಮಾಡಿ. ಒಂದೇ ಫೀಲ್ಡನ್ನು ಎರಡು ಮೂರು ಕಡೆ ಓದಿ, ಮೂರೂ ಕಡೆ ಅದೇ ಲೆಕ್ಕ ಹಾಕುತ್ತಿದ್ದೀರಿ ಅಂತ ಕಂಡಾಗ, ಅಲ್ಲೊಂದು ಪ್ರಶ್ನೆ ಅಡಗಿದೆ ಅಂತ ಅರ್ಥ. ಆಗ ಅದಕ್ಕೆ ಹೆಸರಿಡಿ. ಲೈಬ್ರರಿ ಬರೆದು ಊರಿಗೆಲ್ಲ ಹಂಚುವವರಾದರೆ ಮಾತು ಬೇರೆ. ನಿಮ್ಮ ಆಕಾರವನ್ನು ಯಾರ್‍ಯಾರು ಮುಟ್ಟಿದ್ದಾರೆ ಅಂತ ನಿಮಗೆ ಗೊತ್ತಾಗುವುದೇ ಇಲ್ಲ. ಅಂಥವರು ಮೊದಲ ದಿನದಿಂದಲೇ ಮುಚ್ಚಿಡಲಿ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ದರದ ಪಟ್ಟಿ ಎಲ್ಲಿಟ್ಟಿರಿ? ಆ ಫಂಕ್ಷನಿನ ಒಳಗಾ?"

ಇಲ್ಲ. ಹೊರಗೆ, ಒಂದು ಫೈಲಿನಲ್ಲಿ, ಬರೀ ಡೇಟಾ ಆಗಿ. ದರ ಸರ್ಕಾರದ್ದು, ನನ್ನ ನಿರ್ಧಾರ ಅಲ್ಲ. ಪಟ್ಟಿ ಹೀಗಿದೆ:

[ಹೋಟೆಲ್-ತಿಂಡಿ "2017-07-01" 12]
[ಹೋಟೆಲ್-ತಿಂಡಿ "2017-11-15" 5]

ಯಾವ ತಾರೀಕಿನಿಂದ ಎಷ್ಟು, ಅಷ್ಟೇ. ಕಳೆದ ಸಲ, 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರಗಳು ಮತ್ತೆ ಬದಲಾದವು. ಹೋಟೆಲ್ ತಿಂಡಿಗೆ 5 ಹಾಗೇ ಉಳಿಯಿತು. ಆದರೆ ಗಲ್ಲಾದ ಪಕ್ಕ ಲೇಬಲ್ ಹಾಕಿ ಮಾರುವ ಮಿಕ್ಸ್ಚರ್ ಪ್ಯಾಕೆಟ್ 12ರಿಂದ 5ಕ್ಕೆ ಇಳಿಯಿತು. ಅವತ್ತು ನವರಾತ್ರಿಯ ಮೊದಲ ದಿನ, ನಾನು ಊರಿನಲ್ಲಿದ್ದೆ. ಧಣಿಗಳ ಮಗಳು ಈಗ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಳೆ. ಹಿಂದಿನ ರಾತ್ರಿ ಅವಳೇ ಫೈಲ್ ತೆರೆದು ಒಂದು ಸಾಲು ಸೇರಿಸಿದಳು:

[ಪ್ಯಾಕೆಟ್-ಮಿಕ್ಸ್ಚರ್ "2025-09-22" 5]

ಆಮೇಲೆ ಆಗಸ್ಟಿನ ಒಂದು ಹಳೆಯ ಬಿಲ್ ಮರುಪ್ರಿಂಟ್ ಮಾಡಿ, ಫೋಟೋ ತೆಗೆದು ನನಗೆ ಕಳಿಸಿದಳು. ಮಿಕ್ಸ್ಚರ್ ಎರಡು ಪ್ಯಾಕೆಟ್, ಸಿಜಿಎಸ್‌ಟಿ 6, ಎಸ್‌ಜಿಎಸ್‌ಟಿ 6. ಕೆಳಗೆ ಬರೆದಿದ್ದಳು: "ಅಂಕಲ್, ಹಳೇದು ಹಳೇದರ ಹಾಗೇ ಬಂತು."